ಕೂಸಿನ ಮೈ ತುಂಬಿಕೊಂಡಾಗಲೇ ಎಚ್ಚರ

ತಮ್ಮಾ, ಕೂಸಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ನಿನ್ನ ಕಟ್ಟೆಗೆ ಬಂದು ಕೂತವರೆಲ್ಲ ಒಂದೊಂದು ಔಷಧ ಹೇಳಿ ಹೋಗಿದ್ದಾರೆ. ಒಬ್ಬರು ಕಪ್ಪತಗುಡ್ಡದ ಬೇರು ಅಂದರು, ಒಬ್ಬರು ಗೋಮೂತ್ರ ಅಂದರು, ಮತ್ತೊಬ್ಬರು "ಕಾಮಣಿ ಇರ್ತೈತಿ, ಬರಿ ಹಾಕಸ್ರಿ" ಅಂದರು. ಹೇಳಿದವರಲ್ಲಿ ಹೆಚ್ಚಿನವರು ನನ್ನ ವಾರಿಗೆಯವರು. ಅದಕ್ಕೇ ಈ ಮಾತು ನನ್ನ ಬಾಯಿಂದಲೇ ಬರಬೇಕು: ಈ ಒಂದು ವಿಷಯದಲ್ಲಿ ನಮ್ಮೂರು ಬೆಳವಣಕಿಯ ಹಿರಿಯರ ಮಾತು ಮೀರಿದರೆ ತಪ್ಪಿಲ್ಲ.

ನಿನ್ನ ಮನಸ್ಸೂ ಆ ಕಡೆ ಎಳೆಯುತ್ತಿದೆ ಅಂತ ಬಲ್ಲೆ. ದವಾಖಾನೆಯಲ್ಲಿ ಹೆತ್ತವರ ಕೈಗೆ ಕೆಲಸವೇ ಇರುವುದಿಲ್ಲ. ಸೂಜಿ ಡಾಕ್ಟರದು, ಬಾಟಲಿ ಅವರದು, ರಿಪೋರ್ಟಿನ ಭಾಷೆಯೂ ಅವರದೇ. ಕೂಸಿನ ಕೂದಲು ಉದುರುತ್ತದೆ, ಬಾಯಿ ತುಂಬ ಹುಣ್ಣಾಗುತ್ತದೆ, ಅದು ನಿನ್ನ ಮುಖ ನೋಡಿ ಅಳುತ್ತದೆ. ಅಂಥ ಹೊತ್ತಿನಲ್ಲಿ ಒಂದು ಕಷಾಯ ಕುದಿಸಿ ಸ್ವಂತ ಕೈಯಿಂದ ಕುಡಿಸಿದರೆ ಏನೋ ಮಾಡಿದೆ ಎಂಬ ಸಮಾಧಾನ ಆಗುತ್ತದೆ. ಜೊತೆಗೆ "ನಮ್ಮಿಂದೇನು ತಪ್ಪಾತು" ಎಂಬ ಕೊರಗು ಬೇರೆ. ನಿಮ್ಮಿಂದ ಏನೂ ತಪ್ಪಾಗಿಲ್ಲ. ಮಕ್ಕಳ ಕ್ಯಾನ್ಸರ್ ಬಹುಪಾಲು ಹೆತ್ತವರು ಮಾಡಿದ್ದರಿಂದ ಬರುವುದಲ್ಲ. ಈ ಮಾತನ್ನು ನಿನ್ನ ಹೆಂಡತಿಗೆ ಎರಡು ಸಲ ಹೇಳು. ಅವಳಿಗೆ ಅದನ್ನು ಹೇಳಿದವರು ಕಡಿಮೆ, ಅವಳ ಕಡೆ ಬೆರಳು ತೋರಿಸಿದವರೇ ಹೆಚ್ಚು.

ಸಾಗರ ತಾಲ್ಲೂಕಿನ ನರಸೀಪುರದ ಹೆಸರನ್ನೂ ನಿನಗೆ ಹೇಳಿರುತ್ತಾರೆ. ಅಲ್ಲಿನ ವೈದ್ಯ ನಾರಾಯಣಮೂರ್ತಿಯವರು 2020ರಲ್ಲಿ ತೀರಿಕೊಂಡರು. ಅವರಿದ್ದಾಗ ಗುರುವಾರ, ಭಾನುವಾರ ಮರದ ತೊಗಟೆಯ ಔಷಧಕ್ಕಾಗಿ ಬೇರೆ ಬೇರೆ ರಾಜ್ಯಗಳ ಜನ ರಾತ್ರಿಯಿಂದಲೇ ಸಾಲು ಹಚ್ಚುತ್ತಿದ್ದರು. ಆ ಸಾಲಿನಲ್ಲಿ ನಿಂತವರನ್ನು ನಾನು ದಡ್ಡರು ಅನ್ನುವುದಿಲ್ಲ. ಆದರೆ ಇಂಥ ಕಡೆ ಹೋಗಿ ಬಂದು ಬದುಕಿದವನು ಹತ್ತೂರಿಗೆ ಸುದ್ದಿ ಹೇಳುತ್ತಾನೆ. ಕೂಸನ್ನು ಕಳಕೊಂಡವರು ಯಾರ ಕಟ್ಟೆಗೂ ಬಂದು ಕೂತು ಹೇಳುವುದಿಲ್ಲ. ಹೀಗಾಗಿ ನಮ್ಮ ಕಿವಿಗೆ ಬೀಳುವುದು ಒಂದೇ ಮಗ್ಗುಲಿನ ಲೆಕ್ಕ. ದವಾಖಾನೆಯವರು ಎರಡೂ ಮಗ್ಗುಲು ಬರೆದಿಡುತ್ತಾರೆ, ಸತ್ತವರನ್ನೂ ಎಣಿಸುತ್ತಾರೆ.

"ಅದು ಇಂಗ್ಲಿಷ್ ಔಷಧ, ಇದು ನಮ್ಮ ಗಿಡಮೂಲಿಕೆ" ಎಂದು ನಡುವೆ ಗೋಡೆ ಕಟ್ಟುವವರಿಗೆ ಕಾಶಿ ಕಣಗಿಲೆಯ ಕತೆ ಹೇಳು. ನಮ್ಮ ಅಂಗಳದಲ್ಲಿ ವರ್ಷವಿಡೀ ಹೂ ಬಿಡುವ ಅದೇ ಗಿಡ, ಕೆಲವರು ನಿತ್ಯಪುಷ್ಪ ಅನ್ನುತ್ತಾರೆ. ಸಕ್ಕರೆ ಕಾಯಿಲೆಗೆ ಅದರ ಎಲೆ ಅಗಿಯುವವರು ನಮ್ಮಲ್ಲೂ ಇದ್ದಾರೆ. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಸಕ್ಕರೆ ಕಾಯಿಲೆಗೆಂದೇ ಅದನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಅದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇವತ್ತು ನಿನ್ನ ಕೂಸಿನ ನರಕ್ಕೆ ಹೋಗುತ್ತಿರುವುದು ಅದೇ. ಟನ್‌ಗಟ್ಟಲೆ ಒಣ ಎಲೆಯಿಂದ ಸಿಗುವ ಆ ಔಷಧ ಕೆಲವೇ ಗ್ರಾಂ. ಕೂಸಿನ ಮೈ ಅಳತೆ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಅಂಗಳದ ಎಲೆ ಅರೆದು ಕುಡಿಸಿದರೆ ಅದು ವಿಷ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿದ್ದು. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಆಮೇಲೆ ಅಮೆರಿಕಕ್ಕೆ ಹೋಗಿ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರಾದರು. ಅವರ ತಂಡ ಮಾಡಿದ ಅಮಿನಾಪ್ಟೆರಿನ್ನನ್ನು ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳು ಕೆಲವು ಕಾಲ ಚೇತರಿಸಿಕೊಂಡರೆಂದು 1948ರಲ್ಲಿ ವರದಿ ಬಂತು. ಬರೀ ಕೆಲವು ಕಾಲ. ಅಲ್ಲಿಂದ ಶುರುವಾದದ್ದು, ಶ್ರೀಮಂತ ದೇಶಗಳಲ್ಲಿ ಈಗ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ 80ಕ್ಕಿಂತ ಹೆಚ್ಚು ಮಕ್ಕಳು ಗುಣವಾಗುವಲ್ಲಿಗೆ ಬಂದಿದೆ. ಬಡ ದೇಶಗಳಲ್ಲಿ 30 ಕೂಡ ದಾಟದ ಕಡೆಗಳಿವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಕೊಡುವ ಕಾರಣಗಳಲ್ಲಿ ಒಂದು, ಚಿಕಿತ್ಸೆ ನಡುವೆಯೇ ಬಿಟ್ಟು ಹೋಗುವುದು.

ಈ ಬಿಟ್ಟು ಹೋಗುವುದು ಯಾವಾಗ ಆಗುತ್ತದೆ ಬಲ್ಲೆಯಾ? ಕೂಸು ನರಳುವಾಗ ಮಾತ್ರ ಅಲ್ಲ, ಚೆನ್ನಾಗಿ ಕಂಡಾಗಲೂ. ಮೊದಲ ಒಂದು ತಿಂಗಳ ಔಷಧಕ್ಕೇ ಬಹಳಷ್ಟು ಮಕ್ಕಳ ರಕ್ತ ಸುಧಾರಿಸುತ್ತದೆ. ಜ್ವರ ಬಿಡುತ್ತದೆ, ಗಲ್ಲ ತುಂಬಿಕೊಳ್ಳುತ್ತದೆ, ಓಣಿಯಲ್ಲಿ ಆಡಲು ಓಡುತ್ತದೆ. ಆಗ ಮನೆಯಲ್ಲಿ ಮಾತು ಏಳುತ್ತದೆ: "ಆರಾಮ ಆಗೇತಲ್ಲ, ಇನ್ಯಾಕ ಆ ವಿಷದ ಸೂಜಿ? ಇನ್ನು ನಾಟಿ ಔಷಧ ಸಾಕು." ನೀನು ಎರಿ ಹೊಲದಲ್ಲಿ ದುಡಿದವನು. ಕರಿಕೆಯನ್ನು ಮೇಲೆ ಕೆತ್ತಿ ಬಿಟ್ಟರೆ ಹೊಲ ಸ್ವಚ್ಛ ಕಾಣುತ್ತದೆ, ಒಂದು ಮಳೆ ಬಿದ್ದರೆ ಬೇರಿನಿಂದ ಮತ್ತೆ ಏಳುತ್ತದೆ. ಈ ರೋಗವೂ ಹಾಗೇ, ಅದಕ್ಕೇ ಎರಡು, ಎರಡೂವರೆ ವರ್ಷದ ಚಿಕಿತ್ಸೆ. ಕೊನೆಯ ವರ್ಷಗಳಲ್ಲಿ ಬಹುಪಾಲು ಮನೆಯಲ್ಲೇ ಗುಳಿಗೆ: ದಿನಾ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಗುಳಿಗೆಯ ದಿನ ತಪ್ಪಿಸಬೇಡ, ವಾರದ್ದನ್ನು ಮರೆತು ದಿನಾ ಕೊಡಬೇಡ. ಕ್ಯಾಲೆಂಡರಿನಲ್ಲಿ ಗುರುತು ಹಾಕು. ಮರಳಿ ಬಂದ ರೋಗ ಮೊದಲಿನಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಕದ್ದುಮುಚ್ಚಿ ಏನನ್ನೂ ಕುಡಿಸಬೇಡ. ಇದು ನನ್ನ ಗಟ್ಟಿ ಮಾತು. ಡಾಕ್ಟರು ಬೈತಾರೆ ಅಂತ ಹೆದರಿ ಬಾಯಿ ಬಿಡದೆ ಇರುವವರೇ ಹೆಚ್ಚು. ದವಾಖಾನೆಯ ಆ ಗುಳಿಗೆಗಳು ಲಿವರಿಗೆ ಭಾರ, ಮೇಲೆ ಯಾವುದೋ ಬೇರು ಸೇರಿದರೆ ಕಾಮಣಿ ಬರಬಹುದು. ಆಗ ಡಾಕ್ಟರಿಗೆ ಕಾರಣ ತಿಳಿಯದೆ ಅವರು ತಮ್ಮ ಗುಳಿಗೆಯನ್ನೇ ನಿಲ್ಲಿಸಬೇಕಾಗುತ್ತದೆ. ಕೆಲವು ಭಸ್ಮಗಳಲ್ಲಿ ಪಾದರಸ, ಸೀಸ ಇರುತ್ತವೆ. ಗದಗಿನ ಆಯುರ್ವೇದ ಕಾಲೇಜಿನಲ್ಲಿ ಓದಿ ಬಂದ ವೈದ್ಯರನ್ನು ಗೌರವದಿಂದ ಕಾಣುವ ಊರು ನಮ್ಮದು. ನಾನೂ ಹಾಗೆಯೇ. ಅವರು ಏನಾದರೂ ಬರೆದುಕೊಟ್ಟರೆ ಆ ಚೀಟಿಯನ್ನು ಮೊದಲು ಕ್ಯಾನ್ಸರ್ ಡಾಕ್ಟರ ಮೇಜಿನ ಮೇಲಿಡು.

ಬರೆಯನ್ನಂತೂ ಹಾಕಿಸಲೇಬೇಡ. ರಕ್ತ ಹೆಪ್ಪುಗಟ್ಟದ, ಬಿಳಿ ಕಣ ಕಡಿಮೆಯಾದ ಕೂಸಿಗೆ ಒಂದು ಸುಟ್ಟ ಗಾಯವೇ ಸಾಕು ಜೀವಕ್ಕೆ ಎರವಾಗಲು. ಊರಲ್ಲಿ ಸಿಕ್ಕವರ ಕೈಯಿಂದ ಕುಂಡಿಗೆ ಸೂಜಿ ಬೇಡ. ಜ್ವರ 100.4 ಡಿಗ್ರಿ ಮುಟ್ಟಿತೋ, ರಾತ್ರಿ ಎರಡು ಗಂಟೆಯಾದರೂ ಗಾಡಿ ಹತ್ತು, ಬೆಳಗಾಗಲಿ ಅನ್ನಬೇಡ. ಇನ್ನು ನಿನ್ನ ಅವ್ವ ತಾಯತ ಕಟ್ಟುತ್ತಾಳೆ, ಕಟ್ಟಲಿ. ಹರಕೆ ಹೊರಲಿ, ವಿಭೂತಿ ಹಚ್ಚಲಿ. ತೀರ್ಥ ಮಾತ್ರ ಕುಡಿಸದಿರಲಿ, ಜಾತ್ರೆಯ ಗದ್ದಲಕ್ಕೂ ಒಯ್ಯದಿರಲಿ. ಕುದಿಸಿ ಆರಿಸಿದ ನೀರು, ಬಿಸಿ ರೊಟ್ಟಿ, ಬೇಯಿಸಿದ ಹೆಸರುಬೇಳೆಯ ಕೆಲಸ ಅವಳಿಗೆ ಒಪ್ಪಿಸು. ಅವಳಿಗೂ ಕೈಗೊಂದು ಕೆಲಸ ಬೇಕು.

ದುಡ್ಡಿನ ಮಾತು. ಹೊಲ ಒತ್ತೆ ಇಡುವ ಮುಂಚೆ ನಿನ್ನ ಬಿಪಿಎಲ್ ಕಾರ್ಡ್ ತೆಗೆದು ಹೊರಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನ ಕಿದ್ವಾಯಿಯಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ. ಚಿಕಿತ್ಸೆಗೆ ಹೋಗುವ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಅದರ ಫಾರ್ಮು ಆಸ್ಪತ್ರೆಯಿಂದಲೇ ಕೇಳಿ ತಗೋ.

ನೀನು ಇಲ್ಲದ ದಿನ ಎತ್ತಿಗೆ ಮೇವು ಹಾಕಲು ನಾನಿದ್ದೇನೆ. ಕಟ್ಟೆಯ ಮೇಲೆ ಯಾರಾದರೂ ಮತ್ತೆ ಬೇರಿನ ಮಾತು ತೆಗೆದರೆ "ಕಾಕಾಗ ಕೇಳ್ರಿ" ಅಂತ ನನ್ನ ಹತ್ತಿರ ಕಳಿಸು. ಮುಂದಿನ ಸೂಜಿಯ ತಾರೀಖು ಯಾವತ್ತು ಅಂತ ನನಗೂ ಬರೆಸಿ ಹೋಗು.