ಇಥಿಯೋಪಿಯದ ಚರ್ಚಿನ ಕಾಡುಗಳು

ಅರಣ್ಯ ಸಂರಕ್ಷಣೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸರ್ಕಾರ, ಕಾನೂನು ಮತ್ತು ಅರಣ್ಯ ಇಲಾಖೆ. ಇವು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕಾಡನ್ನು ಕಾದ ಜನರಿದ್ದರು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿರುವುದನ್ನು ನಾವು ಬಲ್ಲೆವು. ಕ್ರೈಸ್ತಧರ್ಮದ ಆಶ್ರಯದಲ್ಲಿಯೂ ಅಂಥ ಕಾಡುಗಳು ಶತಮಾನಗಳಿಂದ ಉಳಿದುಬಂದಿವೆ ಎಂಬುದು ಪ್ರಾಯಶಃ ನಮ್ಮಲ್ಲಿ ಅನೇಕರಿಗೆ ಹೊಸ ಸಂಗತಿ. ಧರ್ಮಶ್ರದ್ಧೆಯೊಂದೇ ಕಾಡನ್ನು ಉಳಿಸಬಲ್ಲುದೇ, ಊರಿನ ಜನರ ಪಾಲು ಅದರಲ್ಲಿ ಎಷ್ಟು ಎಂಬುದನ್ನು ಇಥಿಯೋಪಿಯದ ನಿದರ್ಶನದಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಆಕ್ಷೇಪವನ್ನು ಗಮನಿಸಬೇಕು. 1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ ಎಂಬುವರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮನುಷ್ಯನು ಸೃಷ್ಟಿಯ ಒಡೆಯನೆಂಬ ಪಾಶ್ಚಾತ್ಯ ಕ್ರೈಸ್ತರ ಭಾವನೆಯೇ ಇಂದಿನ ಪ್ರಕೃತಿನಾಶದ ಬೇರು ಎಂದು ಅವರು ವಾದಿಸಿದರು. ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಭೂಮಿಯನ್ನು ವಶಮಾಡಿಕೊಳ್ಳುವಂತೆ ಮನುಷ್ಯನಿಗೆ ಅಪ್ಪಣೆಯಾಗಿರುವುದು ನಿಜ. ಆದರೆ ಎರಡನೆಯ ಅಧ್ಯಾಯದ 15ನೆಯ ವಚನದಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯಮಾಡುವುದಕ್ಕೂ ಕಾಯುವುದಕ್ಕೂ ಎಂದಿದೆ. ಅಲ್ಲಿ ಬಳಸಿರುವ ಹೀಬ್ರೂ ಕ್ರಿಯಾಪದಗಳಿಗೆ ಸೇವೆಮಾಡು, ಕಾಪಾಡು ಎಂಬ ಅರ್ಥಗಳೂ ಉಂಟು. ದೇವಗುಡಾರದಲ್ಲಿ ಲೇವಿಯರು ಮಾಡಬೇಕಾದ ಸೇವೆಗೂ ಅವೇ ಪದಗಳು ಬಂದಿವೆ. ಒಂದೇ ಗ್ರಂಥದಿಂದ ಒಡೆತನವನ್ನೂ ಕಲಿಯಬಹುದು, ಕಾವಲನ್ನೂ ಕಲಿಯಬಹುದು. ಲಿನ್ ವೈಟ್ ಅವರೇ ತಮ್ಮ ಪ್ರಬಂಧದ ಕೊನೆಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್‌ನನ್ನು ಪರಿಸರದ ಪೋಷಕಸಂತನೆಂದು ಭಾವಿಸಬೇಕೆಂದು ಸೂಚಿಸಿದ್ದರು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಹಾಗೆಯೇ ಘೋಷಿಸಿದರು. ಆದರೆ ಘೋಷಣೆಗಿಂತ ಆಚರಣೆ ದೊಡ್ಡದಷ್ಟೆ. ಆ ಆಚರಣೆಯನ್ನು ನೋಡಲು ನಾವು ಆಫ್ರಿಕಕ್ಕೆ ಹೋಗಬೇಕು.

ಇಥಿಯೋಪಿಯದಲ್ಲಿ ಕ್ರೈಸ್ತಧರ್ಮವು ಬಹು ಪ್ರಾಚೀನವಾದುದು. ನಾಲ್ಕನೆಯ ಶತಮಾನದಲ್ಲಿಯೇ ಅಕ್ಸೂಮಿನ ದೊರೆ ಎಜಾನಾ ಅದನ್ನು ಸ್ವೀಕರಿಸಿದನು. ಆ ದೇಶದ ಉತ್ತರದ ಎತ್ತರದ ನಾಡು ಇಂದು ಬಹುಮಟ್ಟಿಗೆ ಉಳುಮೆಯ ನೆಲ. ಟೆಫ್ ಎಂಬ ಸಣ್ಣಕಾಳಿನ ಧಾನ್ಯವೂ ಬಾರ್ಲಿಯೂ ಬೆಳೆಯುವ ಹೊಲಗಳು. ಹಳೆಯ ಕಾಡು ಶತಮಾನಗಳ ಬೇಸಾಯಕ್ಕೂ ಸೌದೆಗೂ ಬಲಿಯಾಗಿದೆ. ಈ ಬಯಲನ್ನು ಆಕಾಶದಿಂದ ತೆಗೆದ ಚಿತ್ರದಲ್ಲಿ ನೋಡಿದರೆ, ಕಂದುಬಣ್ಣದ ನೆಲದ ನಡುವೆ ಅಲ್ಲಲ್ಲಿ ಗುಂಡಗಿನ ಹಸಿರು ಚುಕ್ಕೆಗಳು ಕಾಣುತ್ತವೆ. ಪ್ರತಿಯೊಂದು ಚುಕ್ಕೆಯ ನಡುವೆ ಒಂದು ಚರ್ಚು ಇರುತ್ತದೆ. ಇಂಥವು ಸಾವಿರಾರು.

ಅಲೆಮಾಯೆಹು ವಾಸ್ಸಿ ಎಂಬ ಇಥಿಯೋಪಿಯದ ಅರಣ್ಯವಿಜ್ಞಾನಿ ತಾನಾ ಸರೋವರದ ಪೂರ್ವಕ್ಕಿರುವ ದಕ್ಷಿಣ ಗೊಂಡರ್ ಪ್ರಾಂತದಲ್ಲಿ 28 ಚರ್ಚುಗಳ ಕಾಡುಗಳನ್ನು ಅಧ್ಯಯನ ಮಾಡಿದರು. ಅವುಗಳಲ್ಲಿ ಅತ್ಯಂತ ಚಿಕ್ಕದು 1.6 ಹೆಕ್ಟೇರು, ದೊಡ್ಡದು 100 ಹೆಕ್ಟೇರು. ಎಲ್ಲವನ್ನೂ ಕೂಡಿಸಿದರೆ ಸುಮಾರು 500 ಹೆಕ್ಟೇರು ಮಾತ್ರ. ಅಷ್ಟರಲ್ಲಿಯೇ 168 ಜಾತಿಯ ಮರ, ಪೊದೆ, ಬಳ್ಳಿಗಳು ದೊರೆತವು. ಅಲ್ಲಿನವರು ‘ತಿದ್’ ಎನ್ನುವ ಜೂನಿಪರ್, ‘ವೊಯ್ರಾ’ ಎನ್ನುವ ಕಾಡು ಆಲಿವ್ ಮೊದಲಾದ ಮರಗಳಿಗೆ ಈ ಚರ್ಚುಗಳೇ ಆಸರೆಯಾಗಿವೆ. ಜೇನು, ನೆರಳು, ಔಷಧಿಯ ಸಸ್ಯಗಳು ಊರಿಗೆ ದೊರೆಯುವುದೂ ಇಲ್ಲಿಂದಲೇ.

ಇವು ಹೇಗೆ ಉಳಿದವು? ಇಥಿಯೋಪಿಯದ ಚರ್ಚುಗಳು ಅನೇಕ ಕಡೆ ವರ್ತುಲಾಕಾರವಾಗಿದ್ದು ಒಂದರೊಳಗೊಂದು ಮೂರು ಆವರಣಗಳನ್ನು ಹೊಂದಿವೆ. ಒಳಗಿನ ಗರ್ಭಗುಡಿಯಂಥ ಸ್ಥಳದಲ್ಲಿ ‘ತಾಬೋತ್’ ಎಂಬ ಪವಿತ್ರ ಫಲಕವಿರುತ್ತದೆ. ಅದರ ಪಾವಿತ್ರ್ಯವು ಗೋಡೆಗಳನ್ನು ದಾಟಿ ಹೊರಗಿನ ಮರಗಳಿಗೂ ಹಬ್ಬುತ್ತದೆ. ಮರಗಳು ಚರ್ಚಿನ ಉಡುಪು. ಆ ವನ ಏದೆನ್ ತೋಟದ ಪ್ರತಿರೂಪ. ಚರ್ಚಿನ ಕೆಲಸಕ್ಕಲ್ಲದೆ ಮರ ಕಡಿಯಕೂಡದು ಎಂಬುದು ಕಟ್ಟಳೆ. ಇಲ್ಲಿ ಒಂದು ಸೂಕ್ಷ್ಮವುಂಟು. ಜನರು ಕಾಪಾಡಿದ್ದು ಚರ್ಚನ್ನು. ಅದರ ನೆರಳಿನಲ್ಲಿ ಕಾಡು ಉಳಿಯಿತು. ಕ್ಯಾಥರೀನ್ ಕಾರ್ಡೆಲೂಸ್ ಮೊದಲಾದ ಸಂಶೋಧಕರು ಇದನ್ನು ‘ನೆರಳಿನ ಸಂರಕ್ಷಣೆ’ ಎಂದೇ ಕರೆದಿದ್ದಾರೆ.

ನೆರಳಿಗೆ ಬಲವೂ ಉಂಟು, ಮಿತಿಯೂ ಉಂಟು. 1975ರಲ್ಲಿ ದೆರ್ಗ್ ಎಂಬ ಸೈನಿಕ ಸರ್ಕಾರವು ಗ್ರಾಮಾಂತರದ ಭೂಮಿಯನ್ನೆಲ್ಲ ರಾಷ್ಟ್ರೀಕರಣ ಮಾಡಿದಾಗ ಚರ್ಚು ತನ್ನ ವಿಸ್ತಾರವಾದ ಜಮೀನನ್ನು ಕಳೆದುಕೊಂಡಿತು. ಆದರೂ ಚರ್ಚಿನ ಸುತ್ತಣ ಮರಗಳು ನಿಂತವು. ಇದು ಬಲ. ಆದರೆ ವರಮಾನ ತಪ್ಪಿದ ಚರ್ಚುಗಳು ಹಣಕ್ಕಾಗಿ ನೀಲಗಿರಿ ಮರವನ್ನು ನೆಡತೊಡಗಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎರಡನೆಯ ಮೆನೆಲಿಕ್ ಚಕ್ರವರ್ತಿಯ ಕಾಲದಲ್ಲಿ ಬಂದ ಈ ಮರಕ್ಕೆ ಅಲ್ಲಿ ‘ಕಡಲಾಚೆಯ ಮರ’ ಎಂಬ ಅರ್ಥದ ಹೆಸರಿದೆ. ಅದು ಬೇಗ ಬೆಳೆದು ಕಾಸು ತರುತ್ತದೆ. ಆದರೆ ಹಳೆಯ ಕಾಡಿನ ಸ್ಥಾನವನ್ನು ತುಂಬಲಾರದು.

ಇನ್ನೊಂದು ಅಪಾಯ ದನಕರುಗಳದು. ಕೊಡಲಿಯನ್ನು ತಡೆದ ಭಕ್ತಿ ಮೇವಿಗೆ ಬಂದ ಹಸುವನ್ನು ತಡೆಯಲಿಲ್ಲ. ದೊಡ್ಡ ಮರಗಳು ಹಾಗೆಯೇ ನಿಂತಿದ್ದರಿಂದ ಕಾಡು ಕ್ಷೇಮವಾಗಿದೆಯೆಂದು ಎಲ್ಲರೂ ಭಾವಿಸಿದರು. ಕೆಳಗೆ ಸಸಿಗಳು ಏಳುತ್ತಲೇ ಇರಲಿಲ್ಲ. ಅಲ್ಲಿನ ಬಹುಪಾಲು ಮರಗಳ ಬೀಜಗಳು ಮಣ್ಣಿನಲ್ಲಿ ದೀರ್ಘಕಾಲ ಉಳಿಯುವುದಿಲ್ಲವೆಂದು ವಾಸ್ಸಿಯವರ ಅಧ್ಯಯನದಿಂದ ತಿಳಿಯಿತು. ತಾಯಿಮರ ಸತ್ತರೆ ಆ ಕಾಡು ತಾನಾಗಿ ಮರಳದು. ಬೇಲಿ ಕಟ್ಟಿ ದನಗಳನ್ನು ಹೊರಗಿಟ್ಟ ಕಡೆ ಸಸಿಗಳು ಹೆಚ್ಚಾಗಿ ಬದುಕಿ ಬೆಳೆದವೆಂಬುದನ್ನೂ 2009ರಲ್ಲಿ ಪ್ರಕಟವಾದ ಅವರ ಪ್ರಯೋಗ ತೋರಿಸಿತು.

ಈ ವಿಷಯವನ್ನು ವಾಸ್ಸಿಯವರು ಪ್ರಬಂಧದಲ್ಲಿ ಬರೆದು ಸುಮ್ಮನಾಗಲಿಲ್ಲ. ಅಮೆರಿಕದ ಸಸ್ಯವಿಜ್ಞಾನಿ ಮಾರ್ಗರೆಟ್ ಲೋಮನ್ ಅವರೊಡನೆ ಪಾದ್ರಿಗಳನ್ನು ಕೂಡಿಸಿ, ಆಕಾಶಚಿತ್ರಗಳನ್ನು ತೋರಿಸಿ, ಅವರವರ ಕಾಡಿನ ಸ್ಥಿತಿಯನ್ನು ಮನದಟ್ಟುಮಾಡಿದರು. ಕಲ್ಲಿನ ಗೋಡೆಯ ಕೆಲಸ ಹೀಗೆ ಮೊದಲಾಯಿತು. ಸುತ್ತಣ ಹೊಲಗಳಲ್ಲಿ ನೇಗಿಲಿಗೆ ಅಡ್ಡಬರುವ ಕಲ್ಲುಗಳನ್ನೇ ರೈತರು ಆಯ್ದು ತಂದು ಕಟ್ಟಿದರು. ಹಣದ ಸಹಾಯ ಹೊರಗಿನಿಂದ ಬಂದರೂ ಕಲ್ಲು ಊರಿನದು, ದುಡಿಮೆ ಊರಿನದು.

ನಾನು ಒಕ್ಕಲು ಮನೆಯಿಂದ ಬಂದವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹೊಲದ ಕಲ್ಲಾಯ್ದು ಬದುವಿಗೆ ಒಟ್ಟುವ ಕೆಲಸವನ್ನು ಚಿಕ್ಕಂದಿನಿಂದ ಮಾಡಿದ್ದೇನೆ. ಈ ಉಪಾಯದ ಸೊಗಸು ನನಗೆ ಪುಸ್ತಕಕ್ಕಿಂತ ಹೆಚ್ಚಾಗಿ ಬೆನ್ನಿನಿಂದಲೇ ತಿಳಿಯುತ್ತದೆ. ಕಲ್ಲು ಹೋದರೆ ಹೊಲ ಹಸನಾಗುತ್ತದೆ, ಕಲ್ಲು ಬಂದರೆ ಕಾಡು ಭದ್ರವಾಗುತ್ತದೆ. ರೈತನಿಗೆ ನಷ್ಟಮಾಡಿ ಕಾಡನ್ನು ಉಳಿಸಿಕೊಡು ಎಂದು ಅವನನ್ನು ಕೇಳಲಿಲ್ಲ.

ಹಾಗೆಂದು ಗೋಡೆಯಿಂದ ಎಲ್ಲವೂ ಸರಿಹೋಗುವುದಿಲ್ಲ. ದನಗಳಿಗೆ ಮೇವು ಬೇರೆಲ್ಲಿ ಎಂಬ ಪ್ರಶ್ನೆ ಬಡ ರೈತನಿಗೆ ಉಳಿದೇ ಇದೆ. ಒಳಗೆ ಹೊಸ ಕಟ್ಟಡ, ಗೋರಿ, ಕಾಲುದಾರಿಗಳು ಹೆಚ್ಚಿದರೆ ಹೊರಗಿನ ಗೋಡೆ ಏನು ಮಾಡೀತು? ಚರ್ಚಿನ ಮೇಲಿನ ಭಕ್ತಿಯೇ ದೊಡ್ಡ ಚರ್ಚನ್ನು ಕಟ್ಟಿಸಿ ಮರಗಳನ್ನು ಕಡಿಸಲೂಬಹುದು. ಆದ್ದರಿಂದ ನೆರಳಿನಲ್ಲಿ ಉಳಿದ ಕಾಡನ್ನು ಇನ್ನು ತಿಳಿದು ಕಾಪಾಡಬೇಕಾಗಿದೆ.

ಈ ಅಧ್ಯಯನದಿಂದ ನನಗೆ ತೋರುವುದಿಷ್ಟು. ಶ್ರದ್ಧೆ ಕಾಡನ್ನು ಇಂದಿನವರೆಗೆ ತಂದು ಮುಟ್ಟಿಸಿತು. ಅದನ್ನು ಮುಂದಕ್ಕೆ ಒಯ್ಯಲು ಶ್ರದ್ಧೆಯ ಜೊತೆಗೆ ಅರಿವೂ ಊರಿನ ಹಿತವೂ ಬೇಕು. ಪಾದ್ರಿಯ ಮಾತು, ವಿಜ್ಞಾನಿಯ ಎಣಿಕೆ, ರೈತನ ಕಲ್ಲು ಇವು ಮೂರೂ ಕೂಡಿದಲ್ಲಿ ಸಸಿ ಎದ್ದಿತು. ವಾಸ್ಸಿಯವರು ಪಾದ್ರಿಗಳ ನಂಬಿಕೆಯನ್ನು ಹಳಿಯಲಿಲ್ಲ. ಅವರು ಪೂಜ್ಯವೆಂದು ತಿಳಿದದ್ದರ ಮೂಲಕವೇ ತಮ್ಮ ವಿದ್ಯೆಯನ್ನು ಅವರಿಗೆ ಮುಟ್ಟಿಸಿದರು. ಪದವಿ ಪಡೆದು ಹಳ್ಳಿಗೆ ಮರಳಲಿರುವ ನಮ್ಮಂಥವರು ಇದನ್ನು ನೆನಪಿನಲ್ಲಿಡಬೇಕು. ಊರಿನ ಗುಡಿಯ ಮುಂದಿನ ಅರಳಿಕಟ್ಟೆಯನ್ನು ಮೂಢನಂಬಿಕೆಯೆಂದು ನಗುವ ಮೊದಲು, ಆ ಮರದ ಕೆಳಗೆ ಸಸಿ ಏಳುತ್ತಿದೆಯೇ ಎಂದು ನೋಡುವುದು ಮೇಲು.