ಎಷ್ಟು ತಿಂಗಳಿನ ದುಡ್ಡು?

ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಯ ಬೀರುವಿನಲ್ಲಿ ಅಪ್ಪನ ಲೆಕ್ಕದ ಪುಸ್ತಕವೊಂದಿದೆ. ಕೆಂಪು ಬಟ್ಟೆಯ ಬೈಂಡು, ಉದ್ದನೆಯ ಹಾಳೆಗಳು. 2001ರಲ್ಲಿ ಭದ್ರಾವತಿಯ ಕಾರ್ಖಾನೆಯಿಂದ ವಿಆರ್‌ಎಸ್ ತೆಗೆದುಕೊಂಡ ವಾರವೇ ಅಪ್ಪ ಅದನ್ನು ತಂದಿದ್ದರು. ಮೊದಲ ಪುಟದಲ್ಲಿ ಕೈಗೆ ಬಂದ ಮೊತ್ತವನ್ನು ಬರೆದಿರಲಿಲ್ಲ. ದಪ್ಪ ಅಕ್ಷರದಲ್ಲಿ ‘44 ತಿಂಗಳು’ ಎಂದಷ್ಟೇ ಬರೆದು, ಕೆಳಗೆ ಒಂದರಿಂದ ನಲವತ್ತನಾಲ್ಕರವರೆಗೆ ಅಂಕಿ ಹಾಕಿದ್ದರು. ತಿಂಗಳು ಮುಗಿದಂತೆ ಒಂದೊಂದಕ್ಕೆ ಗೀಟು ಎಳೆಯುತ್ತಿದ್ದರು. ಹತ್ತೊಂಬತ್ತನೆಯ ತಿಂಗಳಿಗೆ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಆಮೇಲಿನ ಅಂಕಿಗಳಿಗೆ ಗೀಟು ಬಿದ್ದಿಲ್ಲ.

ಭದ್ರಾವತಿಯವರಿಗೆ ಈ ಲೆಕ್ಕ ಹೊಸದಲ್ಲ. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡ ಊರು ಅದು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಸಂಬಳ ನಿಂತ ಮೇಲೆ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ಅಲ್ಲಿ ಬೀದಿಬೀದಿಯೂ ಬಲ್ಲದು. ಆದರೆ ಅದು ಅವರು ಬಯಸಿ ಪಡೆದ ಬಿಡುವಲ್ಲ. ನಾನು ಮಾತ್ರ 42ನೆಯ ವಯಸ್ಸಿನಲ್ಲಿ, ಕೈಯಲ್ಲಿ ಒಳ್ಳೆಯ ಕೆಲಸ ಇರುವಾಗಲೇ, ಬೇಕೆಂದು ಸಂಬಳ ನಿಲ್ಲಿಸಿಕೊಂಡೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಒಂದು ವರ್ಷ ಉಳಿತಾಯದ ದುಡ್ಡಿನಲ್ಲಿ ಬದುಕಿ ಬಂದೆ. ಹೋಗುವ ಮುಂಚೆ ಬೀರು ತೆಗೆದು ಅಪ್ಪನ ಪುಸ್ತಕದ ಖಾಲಿ ಹಾಳೆಯಲ್ಲಿ ನನ್ನ ಲೆಕ್ಕ ಶುರುಮಾಡಿದೆ. ಅಪ್ಪ ಹೋಗಿ ಆಗಲೇ ಮೂರು ವರ್ಷ ಆಗಿತ್ತು.

ಕಾರಣ ಹೇಳಬೇಕು. ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಯಂತ್ರಗಳ ಕೈಪಿಡಿ ಬರೆಯುವ ಕೆಲಸ ಮಾಡಿದ್ದೆ. ಮೂಲ ಟಿಪ್ಪಣಿಗಳು ಜರ್ಮನ್ ಭಾಷೆಯಲ್ಲಿ ಬರುತ್ತಿದ್ದವು, ನಾವು ಕೈಗೆತ್ತಿಕೊಳ್ಳುತ್ತಿದ್ದದ್ದು ಅವುಗಳ ಇಂಗ್ಲಿಷ್ ಅನುವಾದವನ್ನು. ಆ ಭಾಷೆಯನ್ನು ನೆಟ್ಟಗೆ ಕಲಿಯಬೇಕೆಂಬ ಆಸೆ ಮೊದಲಿನಿಂದಲೂ ಇತ್ತು. ಅಪ್ಪ ತೀರಿಕೊಂಡ ಮೇಲೆ ದಣಿವೂ ಕೂಡಿಕೊಂಡಿತು. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚುವಾಗ ಕೈ ನಡುಗುತ್ತಿದ್ದ ದಿನಗಳಿದ್ದವು. ಅಮ್ಮನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: “ಸಂಬಳ ಇಲ್ದೆ ಆ ದೇಶ್ದಲ್ಲಿ ಎಷ್ಟು ತಿಂಗ್ಳು ಇರ್ತೀಯೇ?” ಅವಳೂ ಅಪ್ಪನ ಲೆಕ್ಕದಲ್ಲೇ ಪಳಗಿದವಳು.

ನಾನು ಎತ್ತಿಟ್ಟಿದ್ದು 26 ಲಕ್ಷ, ಆರು ವರ್ಷದ ಉಳಿತಾಯ. ಲಕ್ಷದಲ್ಲಿ ನೋಡಿದರೆ ಅದು ದೊಡ್ಡದೋ ಚಿಕ್ಕದೋ ಗೊತ್ತೇ ಆಗುವುದಿಲ್ಲ. ತಿಂಗಳಿಗೆ ಇಳಿಸಿದರೆ ತಿಳಿಯುತ್ತದೆ. ರವೀಂದ್ರನಗರದ ಮನೆಯಲ್ಲಿ ಬಾಡಿಗೆಯಿಲ್ಲದೆ ನಾನೂ ಅಮ್ಮನೂ ತಿಂಗಳಿಗೆ 40 ಸಾವಿರದಲ್ಲಿ ಇರಬಹುದು. ಹಾಗೆ ನೋಡಿದರೆ ಅದು 65 ತಿಂಗಳ ದುಡ್ಡು. ಲೈಪ್‌ಜಿಗ್‌ನಲ್ಲಿ ಊಟ, ಬಾಡಿಗೆ, ಭಾಷಾ ಶಾಲೆಯ ಶುಲ್ಕ ಸೇರಿ ತಿಂಗಳಿಗೆ 1 ಲಕ್ಷ 30 ಸಾವಿರ. ಅದೇ ದುಡ್ಡು ಅಲ್ಲಿ 20 ತಿಂಗಳಿಗೆ ಮುಗಿಯುತ್ತದೆ. ಅಲ್ಲಿ ಕಳೆಯುವ ಒಂದು ತಿಂಗಳು ಇಲ್ಲಿನ ಮೂರು ತಿಂಗಳನ್ನು ತಿನ್ನುತ್ತದೆ ಎಂದು ಕಂಡ ದಿನ ನನಗೆ ನಿದ್ದೆ ಬರಲಿಲ್ಲ. ಆದರೆ ನಿರ್ಧಾರ ಮಾಡಲು ಬೇಕಾಗಿದ್ದುದೂ ಅದೇ ಲೆಕ್ಕ.

ಪುಸ್ತಕದಲ್ಲಿ ಮೂರು ಗಂಟು ಮಾಡಿದೆ: ಅಲ್ಲಿಯದು, ಇಲ್ಲಿಯದು, ವಾಪಸು ಬಂದ ಮೇಲಿನದು. ಇಂಥ ಬಿಡುವಿಗೆ ಯೋಚಿಸುವ ಗೆಳತಿಯರು ನನ್ನ ಹತ್ತಿರ ಮಾತಾಡುವುದು ಮೊದಲನೆಯ ಗಂಟಿನ ಬಗ್ಗೆ ಮಾತ್ರ. ನನ್ನ ಅನುಭವದಲ್ಲಿ ಹೆಚ್ಚು ಸುಲಭದ್ದು ಅದೇ.

ಸುಲಭ ಏಕೆಂದರೆ ಜರ್ಮನಿ ನಿಮ್ಮ ಪರವಾಗಿ ಬಿಗಿ ಹಿಡಿಯುತ್ತದೆ. ಭಾಷಾ ಕೋರ್ಸಿನ ವೀಸಾಕ್ಕೆ ‘ಶ್ಪೆರ್‌ಕೊಂಟೊ’ ಎಂಬ ಖಾತೆ ತೆರೆಯಬೇಕು. ಬ್ಲಾಕ್ಡ್ ಅಕೌಂಟ್ ಎಂದರೆ ನಮ್ಮಲ್ಲಿ ಓದಲು ಹೋಗುವ ಮಕ್ಕಳಿಗೆಲ್ಲ ಗೊತ್ತು. ಒಂದು ವರ್ಷದ ಜೀವನ ವೆಚ್ಚವನ್ನು ಇಡಿಯಾಗಿ ಮೊದಲೇ ಅದರಲ್ಲಿ ಕಟ್ಟಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಇಂತಿಷ್ಟೇ ಕೈಗೆ ಬರುತ್ತದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ 2024ರ ಸೆಪ್ಟೆಂಬರಿನಿಂದ ಅದು ತಿಂಗಳಿಗೆ 992 ಯೂರೊ. ಭಾಷೆ ಕಲಿಯಲು ಹೋಗುವವರಿಗೆ ಶೇ 10 ಹೆಚ್ಚು. ನಾನು ಕಟ್ಟಿದ್ದು ತಿಂಗಳಿಗೆ 1,091ರಂತೆ 13,092 ಯೂರೊ. ಆಗಿನ ದರ 93 ರೂಪಾಯಿಯ ಆಸುಪಾಸು ಇದ್ದುದರಿಂದ 12 ಲಕ್ಷ 20 ಸಾವಿರದಷ್ಟಾಯಿತು. ತಿಂಗಳ ಮೊದಲ ದಿನಗಳಲ್ಲಿ ಖಾತೆಗೆ ಬೀಳುವ ಆ ಮೊತ್ತ ನನಗೆ ಸಂಬಳದ ಹಾಗೆಯೇ ಕಂಡಿತು. ಕೈಗೆ ಒಟ್ಟಿಗೆ ಸಿಕ್ಕಿದ್ದರೆ ಮೊದಲ ಚಳಿಗಾಲದಲ್ಲೇ ಅರ್ಧ ಕರಗುತ್ತಿತ್ತು.

ಇಲ್ಲೊಂದು ಪೆಟ್ಟು ತಿಂದೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಆದರೆ ಒಂದು ಮಿತಿ ದಾಟಿದರೆ ಬ್ಯಾಂಕು ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತದೆ. ನಾನು ಕಳುಹಿಸಿದ 2024ರ ಆಗಸ್ಟ್‌ನಲ್ಲಿ ಆ ಮಿತಿ 7 ಲಕ್ಷ. 2025ರ ಏಪ್ರಿಲ್‌ನಿಂದ 10 ಲಕ್ಷವಾಗಿದೆ. ಸ್ವಂತ ದುಡ್ಡಿನಲ್ಲಿ ಓದಲು ಕಳುಹಿಸಿದರೆ ಮಿತಿ ಮೀರಿದ ಭಾಗಕ್ಕೆ ಆಗ ಶೇ 5, ಬೇರೆ ಬಹುತೇಕ ಉದ್ದೇಶಗಳಿಗೆ ಶೇ 20 ಇತ್ತು. ಕೌಂಟರಿನಲ್ಲಿ ಕೊಟ್ಟ ಅರ್ಜಿಯಲ್ಲಿ ಪರ್ಪಸ್ ಕೋಡ್ ಓದಿನದ್ದಾಗಿರಲಿಲ್ಲ. ನಾನೂ ಗಮನಿಸದೆ ಸಹಿ ಹಾಕಿದೆ. 26 ಸಾವಿರ ಹಿಡಿಯಬೇಕಾದಲ್ಲಿ 1 ಲಕ್ಷ 4 ಸಾವಿರ ಹಿಡಿದರು. ಆ ದುಡ್ಡು ಮುಳುಗುವುದಿಲ್ಲ, ಫಾರ್ಮ್ 26ಎಎಸ್‌ನಲ್ಲಿ ನಮ್ಮ ಹೆಸರಿನಲ್ಲೇ ಕಾಣಿಸುತ್ತದೆ. ರಿಟರ್ನ್ಸ್ ಸಲ್ಲಿಸಿ ವಾಪಸು ಪಡೆಯುವ ಹೊತ್ತಿಗೆ ನನಗೆ ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ನನ್ನ ಪುಸ್ತಕದಲ್ಲಿ ಒಂದು ತಿಂಗಳಿನಷ್ಟು ದುಡ್ಡು ಇದ್ದೂ ಇಲ್ಲದಂತಾಗಿತ್ತು. ಸಹಿ ಹಾಕುವ ಮುಂಚೆ ಆ ಒಂದು ಕಾಲಮ್ಮನ್ನು ಬೆರಳಿಟ್ಟು ಓದಿ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ.

ತೆರಿಗೆಯ ಇನ್ನೊಂದು ಮಾತು. ಹೊರಗೆ ಹೋದ ಮಾತ್ರಕ್ಕೆ ಅನಿವಾಸಿ ಆಗುತ್ತೇವೆ ಎಂದು ಹಲವರು ತಿಳಿದಿದ್ದಾರೆ. ಉದ್ಯೋಗಕ್ಕೆಂದು ಹೊರಟ ಭಾರತೀಯರಿಗೆ ಆ ವರ್ಷ 182 ದಿನದ ಅಳತೆ. ನನ್ನ ಹಾಗೆ ಕೆಲಸ ಬಿಟ್ಟು ಕಲಿಯಲು ಹೋದವರು ಆ ವರ್ಷ 60 ದಿನ ಇಲ್ಲಿದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ 365 ದಿನ ಕಳೆದಿದ್ದರೂ ಸಾಕು, ನಿವಾಸಿಯೇ. ಸೆಪ್ಟೆಂಬರಿನಲ್ಲಿ ವಿಮಾನ ಹತ್ತಿದ ನಾನು ತೆರಿಗೆ ಲೆಕ್ಕದಲ್ಲಿ ಶಿವಮೊಗ್ಗ ಬಿಟ್ಟಿರಲೇ ಇಲ್ಲ.

ಲೈಪ್‌ಜಿಗ್‌ನ ಖರ್ಚು ಬೇಗ ಹೇಳಿ ಮುಗಿಸುತ್ತೇನೆ. ಮೂವರು ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ. ದೇಶದ ಊರೊಳಗಿನ ಬಸ್ಸು, ಟ್ರಾಮು, ಲೋಕಲ್ ರೈಲುಗಳಿಗೆಲ್ಲ ನಡೆಯುವ ತಿಂಗಳ ಟಿಕೆಟ್ ಹೋದಾಗ 49 ಯೂರೊ ಇತ್ತು, 2025ರ ಜನವರಿಗೆ 58 ಆಯಿತು. ಟಿವಿ ಇರಲಿ ಬಿಡಲಿ, ಸಾರ್ವಜನಿಕ ಪ್ರಸಾರದ ಹೆಸರಿನಲ್ಲಿ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೊ ಕಟ್ಟಬೇಕು. ನಾವು ಮೂವರು ಹಂಚಿಕೊಂಡೆವು. ಅಕ್ಕಿ, ಬೇಳೆ ಅಗ್ಗವಾಗಿ ಸಿಗುತ್ತಿದ್ದವು. ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಫೆಬ್ರುವರಿವರೆಗೆ ಬಂತು. ನನ್ನನ್ನು ಕೆಡವಿದ್ದು ಒಂದು ಹಲ್ಲು. ರೂಟ್ ಕೆನಾಲ್‌ಗೆ ನನ್ನ ಅಗ್ಗದ ವಿಮೆಯಲ್ಲಿ ಜಾಗ ಇರಲಿಲ್ಲ, 60 ಸಾವಿರ ರೂಪಾಯಿ ಹೋಯಿತು. ಹೊರಡುವ ಮುಂಚೆ ನಮ್ಮೂರ ದುರ್ಗಿಗುಡಿಯಲ್ಲಿ ಹಲ್ಲು ತೋರಿಸಿಕೊಂಡು ಹೋಗಿದ್ದರೆ ಹತ್ತರಲ್ಲೊಂದು ಭಾಗಕ್ಕೆ ಆಗುತ್ತಿತ್ತು.

ವಿನಿಮಯ ದರ ನನ್ನನ್ನು ಸುಮ್ಮನೆ ಸುಸ್ತು ಮಾಡಿತು. ನಾನು 93ಕ್ಕೆ ಕೊಂಡ ಯೂರೊ ಜನವರಿಯಲ್ಲಿ 89ಕ್ಕೆ ಇಳಿದಾಗ, ಅವಸರಪಟ್ಟೆ ಎಂದು ವಾರಗಟ್ಟಲೆ ಹಳಹಳಿಸಿದೆ. ಜುಲೈ ಹೊತ್ತಿಗೆ ಅದು 100ಕ್ಕೆ ಬಂತು. ಕೊನೆಯ ತಿಂಗಳುಗಳಿಗೆ ಇನ್ನೊಂದು ಸಾವಿರ ಯೂರೊ ಬೇಕಾದಾಗ ಪೂರಾ ಒಂದು ಲಕ್ಷ ಕಳುಹಿಸಬೇಕಾಯಿತು. ದುಡ್ಡಿನ ಬಹುಪಾಲನ್ನು ಮೊದಲೇ ಯೂರೊ ಮಾಡಿಸಿದ್ದರಿಂದ ನನ್ನ ತಿಂಗಳುಗಳು ಉಳಿದವು, ದರದ ಜಾಣತನದಿಂದಲ್ಲ.

ಎರಡನೆಯ ಗಂಟಿಗೆ ಬರುತ್ತೇನೆ. ನಾವು ಅಲ್ಲಿದ್ದರೂ ಇಲ್ಲಿನ ಮನೆ ನಡೆಯುತ್ತಲೇ ಇರುತ್ತದೆ. ಅಮ್ಮನ ಔಷಧಿ, ಹಾಲು, ಗ್ಯಾಸು, ಮನೆಗೆಲಸದವರ ಸಂಬಳ, ವಿಮೆಯ ಕಂತು, ಪಾಲಿಕೆಯ ಮನೆ ಕಂದಾಯ. ಕೆಲಸ ಬಿಟ್ಟ ದಿನದಿಂದ ವಾಪಸು ಬರುವವರೆಗಿನ ಹದಿನಾಲ್ಕು ತಿಂಗಳಿಗೆ, ತಿಂಗಳಿಗೆ 22 ಸಾವಿರದಂತೆ 3 ಲಕ್ಷ 8 ಸಾವಿರ. ಗೃಹಜ್ಯೋತಿಯಿಂದ ವಿದ್ಯುತ್ ಬಿಲ್ಲು ಸೊನ್ನೆ ಬರುತ್ತಿತ್ತು. ಇಪಿಎಸ್ ವಿಧವಾ ಪಿಂಚಣಿ ಅಮ್ಮನಿಗೆ ಬರುವುದು ಎರಡು ಸಾವಿರಕ್ಕೂ ಕಡಿಮೆ. ನಾನು ಇಲ್ಲದಿದ್ದಾಗ ಅಮ್ಮ ಯಾರ ಹತ್ತಿರವೂ ಕೇಳುವಂತಾಗಬಾರದೆಂದು ಈ ಗಂಟನ್ನು ಎರಡೆರಡು ತಿಂಗಳಿಗೆ ಒಂದರಂತೆ ಅವಧಿ ಮುಗಿಯುವ ಏಳು ಎಫ್‌ಡಿಗಳಾಗಿ ಅವಳ ಜಂಟಿ ಹೆಸರಿನಲ್ಲಿ ಇಟ್ಟೆ. ಅಪ್ಪ ಮಾಡಿದ್ದೂ ಹೀಗೆಯೇ. ನನ್ನ ದೊಡ್ಡ ಠೇವಣಿಗಳನ್ನು ಮಾತ್ರ ಎರಡು ಬ್ಯಾಂಕಿನಲ್ಲಿ ಹಂಚಿದೆ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಠೇವಣಿ ವಿಮೆ 5 ಲಕ್ಷದವರೆಗೆ ಮಾತ್ರ.

ಆರೋಗ್ಯ ವಿಮೆಯ ವಿಷಯದಲ್ಲಿ ಮೊದಲೇ ಎಚ್ಚರವಾಗಿದ್ದೆ. ಕಂಪನಿಯ ವಿಮೆ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ಮೊದಲಿನಿಂದ ಇದ್ದ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಅಮ್ಮನಿಗೆ ಬಿಪಿ, ಸಕ್ಕರೆ ಎರಡೂ ಇವೆ. ಹಾಗಾಗಿ ರಾಜೀನಾಮೆಯ ಯೋಚನೆ ಹುಟ್ಟಿದಾಗಲೇ, ಕೊಡುವುದಕ್ಕೆ ಮೂರು ವರ್ಷ ಮುಂಚೆ, ನಮ್ಮಿಬ್ಬರಿಗೂ ಸ್ವಂತ ಪಾಲಿಸಿ ಮಾಡಿಸಿದ್ದೆ. ಪಿಎಫ್ ಮುಟ್ಟಲಿಲ್ಲ. ಕೆಲಸ ಬಿಟ್ಟ ಮೇಲೂ ಅದಕ್ಕೆ ಬಡ್ಡಿ ಬೆಳೆಯುತ್ತದೆ, 2024–25ಕ್ಕೆ ಶೇ 8.25, ಆ ಬಡ್ಡಿಗೆ ಮಾತ್ರ ತೆರಿಗೆ ಕಟ್ಟಬೇಕು.

ಈಗಾಗಲೇ ಹೊರಗೆ ದುಡಿಯುತ್ತಿರುವವರ ಪಾಡು ಬೇರೆ. ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗ ನನ್ನ ಕಥೆ ಕೇಳಿ, “ಅಕ್ಕಾ, ನಂಗೂ ಒಂದ್ವರ್ಷ ಸುಮ್ನೆ ಇರ್ಬೇಕು ಅನ್ಸುತ್ತೆ” ಎಂದ. ಅವನ ಉಳಿತಾಯ ಅಲ್ಲಿಯೇ ನಲವತ್ತು ತಿಂಗಳಿಗೆ ಸಾಕಾಗುತ್ತದೆ. ಆದರೆ ಎಚ್‌-1ಬಿ ವೀಸಾದಲ್ಲಿ ಕೆಲಸ ಹೋದ ಮೇಲೆ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ದುಡ್ಡಿನ ತಿಂಗಳು ನಲವತ್ತು, ವೀಸಾದ ತಿಂಗಳು ಎರಡು. ಇಂಥವರಿಗೆ ಬಿಡುವು ಬೇಕಿದ್ದರೆ ಊರಿಗೆ ಬಂದು ತೆಗೆದುಕೊಳ್ಳುವುದೇ ಸರಿ ಎಂದು ನನ್ನ ಅಭಿಪ್ರಾಯ, ಅವನಿಗೂ ಹಾಗೆಯೇ ಹೇಳಿದೆ.

ನಮ್ಮ ಜಿಲ್ಲೆಯಿಂದ ಹೀಗೆ ಕಲಿಯಲು ಹೋದವರಲ್ಲಿ ದೊಡ್ಡ ಹೆಸರು ಅನಂತಮೂರ್ತಿಯವರದು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು, ಅಧ್ಯಾಪಕರಾಗಿದ್ದವರು ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಪಿಎಚ್‌.ಡಿ. ಪಡೆದರು. ‘ಸಂಸ್ಕಾರ’ ಹುಟ್ಟಿದ್ದೂ ಅಲ್ಲಿಯೇ. ಆ ವರ್ಷಗಳನ್ನು ಹೊತ್ತಿದ್ದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನ. ಹಲವು ವಿದ್ಯಾರ್ಥಿವೇತನಗಳ ವಯಸ್ಸಿನ ಗಡಿ ದಾಟಿದ ನನ್ನಂಥ ಖಾಸಗಿ ನೌಕರಿಯವಳಿಗೆ ಆ ದಾರಿ ಕಷ್ಟ. ನಮ್ಮ ವೇತನವನ್ನು ನಾವೇ ಮುಂಚಿತವಾಗಿ ಕೂಡಿಸಿಟ್ಟುಕೊಳ್ಳಬೇಕು. ಸರ್ಕಾರಿ ಕೆಲಸದವರು ಸಂಬಳವಿಲ್ಲದ ರಜೆಯನ್ನಾದರೂ ಕೇಳಿ ನೋಡಬಹುದು. ವಾಪಸು ಬಂದಾಗ ಕುರ್ಚಿ ಇರುತ್ತದೆ ಎಂಬ ಧೈರ್ಯಕ್ಕೆ ಎಷ್ಟು ಬೆಲೆ ಎಂಬುದು ನನಗೆ ಮೂರನೆಯ ಗಂಟು ಬಿಚ್ಚಿದಾಗ ತಿಳಿಯಿತು.

2025ರ ಸೆಪ್ಟೆಂಬರಿನಲ್ಲಿ ಬಂದೆ. ಬೆಂಗಳೂರಿನಲ್ಲಿ ಮನೆ ಮಾಡಲಿಲ್ಲ, ನೇರ ರವೀಂದ್ರನಗರಕ್ಕೆ. ಬೆಂಗಳೂರಿನಲ್ಲಿ ಬಾಡಿಗೆ, ಅಡ್ವಾನ್ಸ್ ಕೊಟ್ಟು ಕೂತಿದ್ದರೆ ಆರು ತಿಂಗಳಿಗೆಂದು ಇಟ್ಟ 2 ಲಕ್ಷ 40 ಸಾವಿರ ಎರಡು ತಿಂಗಳೂ ಬಾಳುತ್ತಿರಲಿಲ್ಲ. ಅಪ್ಪ ವಿಆರ್‌ಎಸ್ ದುಡ್ಡಿನಲ್ಲಿ ಮೊದಲು ಮಾಡಿದ್ದು ಅರ್ಧಕ್ಕೆ ನಿಂತಿದ್ದ ಈ ಮನೆಯ ತಾರಸಿ ಹಾಕಿಸಿ ಕ್ವಾರ್ಟರ್ಸ್ ಬಿಟ್ಟು ಬಂದದ್ದು. ಅವರ ನಲವತ್ತನಾಲ್ಕು ತಿಂಗಳು ಅದರ ನಂತರ ಉಳಿದ ದುಡ್ಡಿನದು. ಸಾಲವಿಲ್ಲದ ನಾಲ್ಕು ಗೋಡೆ ಇಪ್ಪತ್ನಾಲ್ಕು ವರ್ಷದ ಮೇಲೆ ನನ್ನ ತಿಂಗಳುಗಳನ್ನೂ ಉದ್ದ ಮಾಡಿತು. ಗೃಹಸಾಲದ ಕಂತು ಇರುವವರು, ಶಾಲೆಗೆ ಹೋಗುವ ಮಕ್ಕಳಿರುವವರು ನನ್ನ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ನನಗೆ ಎರಡೂ ಇರಲಿಲ್ಲ.

ಕೆಲಸ ಸಿಗಲು ಐದು ತಿಂಗಳು ಬೇಕಾಯಿತು. ಸಂದರ್ಶನಗಳಲ್ಲಿ ಒಂದೇ ಪ್ರಶ್ನೆಯನ್ನು ಬೇರೆಬೇರೆ ಮುಖಗಳು ಕೇಳಿದವು: ಈ ಒಂದು ವರ್ಷ ಏನು ಮಾಡುತ್ತಿದ್ದಿರಿ? ಜರ್ಮನ್ ಭಾಷೆಯ ಪ್ರಮಾಣಪತ್ರ ಇದ್ದುದರಿಂದ ಉತ್ತರ ಇತ್ತು. ಕೊನೆಗೆ ಫೆಬ್ರುವರಿಯಲ್ಲಿ ಸೇರಿದ ಕೆಲಸದಲ್ಲಿ ಸಂಬಳ ಮೊದಲಿಗಿಂತ ಶೇ 15 ಕಡಿಮೆ. ಬಿಟ್ಟುಕೊಟ್ಟ ಹತ್ತೊಂಬತ್ತು ತಿಂಗಳ ಸಂಬಳವನ್ನು ಕೂಡಿಸಿದರೆ 20 ಲಕ್ಷ ದಾಟುತ್ತದೆ. ಅದನ್ನೂ ಖರ್ಚಿನ ಪಕ್ಕದಲ್ಲೇ ಬರೆದಿದ್ದೇನೆ, ಮುಚ್ಚಿಟ್ಟಿಲ್ಲ. ಬರೆದ ಮೇಲೂ ಹೋಗಿದ್ದಕ್ಕೆ ಮನಸ್ಸು ನೊಂದಿಲ್ಲ. ಈಗ ಮೂಲ ಟಿಪ್ಪಣಿಯನ್ನು ನಾನೇ ಓದುತ್ತೇನೆ, ರಾತ್ರಿ ಕೈ ನಡುಗುವುದಿಲ್ಲ.

ಕೆಲಸಕ್ಕೆ ಸೇರಿದ ದಿನ ಪುಸ್ತಕ ತೆಗೆದು ‘ಉಳಿದದ್ದು: 4 ತಿಂಗಳು’ ಎಂದು ಬರೆದೆ. ಅಮ್ಮ ಆ ಪುಟವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದಳು. ಆಗ ಗೊತ್ತಾಯಿತು. ಬಲಗಣ್ಣಿಗೆ ಪೊರೆ ಬಂದು ವರ್ಷವೇ ಆಗಿತ್ತಂತೆ. ಗಣಪತಿ ದೇವಸ್ಥಾನದ ಮೆಟ್ಟಿಲು ಹತ್ತುವುದನ್ನೂ ಬಿಟ್ಟಿದ್ದಳಂತೆ. ವಿಮೆ ಇತ್ತು, ಎಫ್‌ಡಿ ಇತ್ತು. ಆದರೂ ಫೋನಿನಲ್ಲಿ ಒಂದು ಮಾತು ಹೇಳಿರಲಿಲ್ಲ. “ಹೇಳಿದ್ರೆ ನೀ ಓಡಿ ಬರ್ತಿದ್ದೆ. ಕಟ್ಟಿದ ದುಡ್ಡು ಅಲ್ಲೇ ಕೂತಿರ್ತಿತ್ತು” ಎಂದಳು. ನನ್ನ ಮೂರು ಗಂಟಿನಲ್ಲೂ ಇಲ್ಲದ ಖರ್ಚೊಂದನ್ನು ಅವಳು ಒಬ್ಬಳೇ ಭರಿಸುತ್ತಿದ್ದಳು.

ಮಾರ್ಚಿನಲ್ಲಿ ಆಪರೇಷನ್ ಆಯಿತು. ವಿಮೆ ಕೊಟ್ಟಿದ್ದು ಹೋಗಿ, ಒಳ್ಳೆಯ ಮಸೂರಕ್ಕೆಂದು ಕೈಯಿಂದ ಹಾಕಿದ್ದು ಹೆಚ್ಚು ಕಡಿಮೆ ಒಂದು ತಿಂಗಳ ದುಡ್ಡು. ವಾರದ ಮೇಲೆ ಕಪ್ಪು ಕನ್ನಡಕ ತೆಗೆದು, ಅಪ್ಪನ ಪುಸ್ತಕವನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಈ ಸಲ ಕೈಯಷ್ಟು ದೂರದಿಂದಲೇ ಓದಿದಳು.

“ನಾಲ್ಕಿತ್ತಲ್ಲೇ, ಮೂರ್ಯಾಕಾಯ್ತು?”