ಅಂಜಿದ ನಾಯಿಯನ್ನು ಮನೆಗೆ ತಂದಾಗ

ಮಹಾಭಾರತದ ಆದಿಪರ್ವದಲ್ಲಿ, ಸರ್ಪಯಾಗದ ಕಥೆ ತೊಡಗುವ ಮೊದಲೇ, ಒಂದು ನಾಯಿಮರಿಯ ಪ್ರಸಂಗ ಬರುತ್ತದೆ. ಪರೀಕ್ಷಿತನ ಮಗನಾದ ಜನಮೇಜಯನು ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ಕೈಕೊಂಡಿದ್ದಾಗ ದೇವಲೋಕದ ಸರಮೆಯ ಮಗನಾದ ಸಾರಮೇಯನು ಅಲ್ಲಿಗೆ ಬಂದನು. ಅರಸನ ತಮ್ಮಂದಿರು ಅವನನ್ನು ಹೊಡೆದಟ್ಟಿದರು. ಅಳುತ್ತ ಬಂದ ಮಗನನ್ನು ತಾಯಿ ಮೊದಲು ವಿಚಾರಿಸಿದ್ದು ಅವನ ತಪ್ಪನ್ನೇ. ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲವೆಂದು ಮರಿ ಹೇಳಿತು. ಸರಮೆಯು ಯಾಗಶಾಲೆಗೆ ಹೋಗಿ, ನಿರಪರಾಧಿಯನ್ನು ಏಕೆ ಹೊಡೆದಿರೆಂದು ಕೇಳಿದಾಗ ಯಾರೂ ಬಾಯಿಬಿಡಲಿಲ್ಲ. ಆಗ ಅವಳು ಕೊಟ್ಟ ಶಾಪ ಸಾವಿನದಲ್ಲ, ಬಡತನದ್ದೂ ಅಲ್ಲ. 'ಅದೃಷ್ಟ'ವಾದ ಭಯವು ಜನಮೇಜಯನಿಗೆ ಬರಲಿ ಎಂಬುದು.

ಈ ಪ್ರಸಂಗವನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದ್ದುಂಟು. 'ಅದೃಷ್ಟ'ವೆಂದರೆ ಇಲ್ಲಿ ಸುದೈವವಲ್ಲ, ಕಾಣದಿರುವುದು ಎಂದು ಪದಾರ್ಥ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಎಲ್ಲಿಂದ ಬರುವುದೋ ಏಕೆ ಬರುವುದೋ ತಿಳಿಯದ ಭಯ ಎಂಥದೆಂಬುದು ಮನಸ್ಸಿಗೆ ನಾಟಿದ್ದು ಶಿರವಾಳದ ನಮ್ಮ ಮನೆಗೆ ಒಂದು ಹೆಣ್ಣುನಾಯಿ ಬಂದಮೇಲೆ. ಸರಮೆ ತನ್ನ ಮಗನಿಗೆ ಆದದ್ದನ್ನೇ ಶಾಪವಾಗಿ ಕೊಟ್ಟಿದ್ದಳು.

ಅದು ಜಾತಿನಾಯಿಯಲ್ಲ; ಬೂದುಬಣ್ಣದ ಊರನಾಯಿ. ಹೊಲಮನೆಯೊಂದರಲ್ಲಿ ಸರಪಳಿಯಲ್ಲಿದ್ದುದನ್ನು, ಮನೆಯವರು ದುಡಿಮೆಗೆಂದು ಬೆಂಗಳೂರಿಗೆ ಹೊರಟಾಗ, ನಾವು ತಂದುಕೊಂಡೆವು. ಹಲ್ಲು ನೋಡಿದ ಪಶುವೈದ್ಯರು ನಾಲ್ಕು ವರ್ಷವಾಗಿರಬಹುದೆಂದರು. ಕೋಲೆತ್ತಿದರೆ ಹೆದರುವುದು ಸಹಜ. ಇದು ಕಸಬರಿಗೆ ಎತ್ತಿದರೂ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಬೂದಿ ಎಂದು ಹೆಸರಿಟ್ಟೆವು. ಮೊದಲ ವಾರ ಅದು ಪಡಸಾಲೆಯ ಮೂಲೆಯಲ್ಲಿ ಬಾಲವನ್ನು ಹೊಟ್ಟೆಗೆ ಅವುಚಿ ಮಲಗಿಯೇ ಇತ್ತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಬಂದವರೆಲ್ಲ 'ಎಂಥ ಸಾಧು ಪ್ರಾಣಿ' ಎಂದು ತಲೆ ಸವರಿದರು. ನನಗೂ ಹೆಮ್ಮೆಯೇ ಆಯಿತು.

ಆ ಹೆಮ್ಮೆ ಅಜ್ಞಾನದ್ದು. ಅಮೆರಿಕದ ಮನೋವಿಜ್ಞಾನಿಗಳಾದ ಸೆಲಿಗ್‌ಮನ್ ಮತ್ತು ಮೈಯರ್ ೧೯೬೭ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಇಂದು ಅಂಥದನ್ನು ಮಾಡಲು ಯಾರೂ ಒಪ್ಪಲಾರರು. ಕೆಲವು ನಾಯಿಗಳಿಗೆ ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ತಿನ ಪೆಟ್ಟು ಕೊಟ್ಟರು. ಆಮೇಲೆ ಗಿಡ್ಡ ತಡೆಯೊಂದನ್ನು ಜಿಗಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರೂ ಅವುಗಳಲ್ಲಿ ಹೆಚ್ಚಿನವು ಜಿಗಿಯಲೇ ಇಲ್ಲ. ಸುಮ್ಮನೆ ಮಲಗಿ ಪೆಟ್ಟು ತಿಂದವು. ನಾಯಿಗಳು ನಿರುಪಾಯತೆಯನ್ನು ಕಲಿತವೆಂದು ಆಗ ತೀರ್ಮಾನಿಸಿದರು. ಅದೇ ಇಬ್ಬರು ವಿದ್ವಾಂಸರು ಸುಮಾರು ಅರ್ಧ ಶತಮಾನದ ಮೇಲೆ, ೨೦೧೬ರಲ್ಲಿ, ಮಿದುಳಿನ ಹೊಸ ಅಧ್ಯಯನಗಳ ಬಲದಿಂದ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ದೀರ್ಘವಾದ ಕಷ್ಟದಲ್ಲಿ ಪ್ರಾಣಿ ಮುದುಡಿ ಸುಮ್ಮನಾಗುವುದು ಕಲಿತದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಕಲಿಯಬೇಕಾದದ್ದು 'ನಾನು ಮಾಡಿದ್ದರಿಂದ ಏನೋ ಆಗುತ್ತದೆ' ಎಂಬುದನ್ನು. ತಮ್ಮ ಹೆಸರಿಗೆ ಕೀರ್ತಿ ತಂದ ಸಿದ್ಧಾಂತವನ್ನು ಹೀಗೆ ತಲೆಕೆಳಗು ಮಾಡಿಕೊಳ್ಳುವ ಧೈರ್ಯ ನಮ್ಮ ಪಂಡಿತವರ್ಗದಲ್ಲಿ ಅಪರೂಪ.

ಹಾಗಾದರೆ ಮೂಲೆಯಲ್ಲಿ ಮಿಸುಕದೆ ಮಲಗಿದ ನಾಯಿ ಸಾಧುವೂ ಅಲ್ಲ, ವಿಧೇಯವೂ ಅಲ್ಲ. ತಲೆ ಸವರಿಸಿಕೊಂಡದ್ದು ಒಪ್ಪಿಗೆಯಿಂದಲ್ಲ; ಬೇಡವೆನ್ನಲು ದಾರಿ ಕಾಣದೆ. ಬಲ್ಲವರ ಕಣ್ಣಿಗೆ ಅದರ ಮಾತು ಕೇಳುತ್ತದೆ: ಕಿವಿ ಹಿಂದಕ್ಕೆ ಒರಗುವುದು, ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ಹೊರಳಿಸಿ ಕಣ್ಣಂಚಿನ ಬಿಳುಪು ತೋರಿಸುವುದು. ಇವನ್ನು ಮೀರಿದಮೇಲೆ ಗುರುಗುಟ್ಟುವುದು. ಗುರುಗುಟ್ಟಿದ್ದಕ್ಕೆ ಹೊಡೆಯುವವರುಂಟು. ಹೊಡೆತ ತಿಂದ ನಾಯಿ ಭಯವನ್ನು ಬಿಡುವುದಿಲ್ಲ, ಎಚ್ಚರಿಕೆ ಕೊಡುವುದನ್ನು ಮಾತ್ರ ಬಿಡುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ.

ಇನ್ನೊಂದು ಮಾತು. ಅಂಜುವ ನಾಯಿಯೆಲ್ಲ ಹೊಡೆತ ತಿಂದದ್ದೇ ಎಂದು ತಿಳಿಯಬಾರದು. ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ದೀರ್ಘಕಾಲ ನಾಯಿಗಳನ್ನು ಸಾಕಿ ೧೯೬೫ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಮರಿಯು ಲೋಕವನ್ನು ನಂಬಲು ಕಲಿಯುವ ಮುಖ್ಯ ಕಾಲ ಸುಮಾರು ೩ನೆಯ ವಾರದಿಂದ ೧೨ನೆಯ ವಾರದವರೆಗಿನದು. ಆ ಅವಧಿಯಲ್ಲಿ ಮನುಷ್ಯರನ್ನೂ ಮನೆಯ ಸದ್ದುಗಳನ್ನೂ ಕಾಣದೆ ಬೆಳೆದ ನಾಯಿ, ಯಾರೂ ಹೊಡೆಯದಿದ್ದರೂ, ಅಂಜುಬುರುಕವಾಗಬಹುದು. ನೋವೂ ಕಾರಣವಾಗಬಹುದು, ಆದುದರಿಂದ ಮೊದಲು ಪಶುವೈದ್ಯರಿಗೆ ತೋರಿಸಿ, ಹುಚ್ಚುನಾಯಿ ರೋಗದ ಲಸಿಕೆಯನ್ನೂ ಜಂತುಹುಳುವಿನ ಔಷಧವನ್ನೂ ಕೊಡಿಸುವುದು ಮುಖ್ಯ. ಮಕ್ಕಳಿರುವ ಮನೆಯವರು ಇದನ್ನೂ ನೆನಪಿಡಬೇಕು: ಯಾವ ನಾಯಿ ಕಚ್ಚಿದರೂ ಗಾಯವನ್ನು ೧೫ ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೆಳೆದ ನಾಯಿ ಹೊಸ ಮನೆಗೆ ಒಗ್ಗದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ ಮುಧೋಳದ ಬೇಟೆನಾಯಿಯನ್ನು ಬಯಸುವವರೂ ಮರಿಯನ್ನೇ ಹುಡುಕುತ್ತಾರೆ. ಆದರೆ ಕನ್ನಡ ಶಾಸನಗಳಲ್ಲಿ ಅತ್ಯಂತ ಹೆಸರಾದ ನಾಯಿ ಮರಿಯಾಗಿ ಬಂದದ್ದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ, ಕ್ರಿ.ಶ. ೯೪೯-೫೦ರ ಕಲ್ಲು ಆ ವೃತ್ತಾಂತವನ್ನು ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗರ ಬೂತುಗನು ತನ್ನ ವೀರನಾದ ಮಣಲೇರನಿಗೆ ಮೆಚ್ಚಿ, ಬೇಕಾದುದನ್ನು ಬೇಡೆಂದನು. ಮಣಲೇರನು ಬೇಡಿದ್ದು ಅರಸನ ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹೊಸ ಒಡೆಯನ ಬಳಿಯಲ್ಲಿದ್ದಾಗ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರನು ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟನು. ಅರಮನೆಯ ನಾಯಿಯು ಮತ್ತೊಬ್ಬನ ಅಂಗಳದಲ್ಲಿ ಮೊದಲ ದಿನಗಳನ್ನು ಹೇಗೆ ಕಳೆಯಿತೆಂದು ಶಾಸನ ಹೇಳುವುದಿಲ್ಲ. ಶಾಸನಗಳು ಅಂಥದನ್ನು ಹೇಳುವುದಿಲ್ಲವಷ್ಟೆ.

ನನಗೆ ದಾರಿ ತೋರಿಸಿದವಳು ಪಕ್ಕದ ಮನೆಯ ಹುಡುಗಿ. ನನ್ನ ತರಗತಿಯಲ್ಲಿ ಹೆಚ್ಚು ಮಾತಾಡದ, ಮನೆಯಲ್ಲಿ ಆಡು ಕಾಯುವ ಮಗು. ನಾನು ರೊಟ್ಟಿ ಹಿಡಿದು ನಾಯಿಯ ಎದುರಿಗೆ ಬಾಗಿ 'ಬಾ, ಬಾ' ಎಂದು ಕರೆಯುತ್ತಿದ್ದಾಗ ಅವಳು ಕಟ್ಟೆಯ ಮೇಲಿಂದ ನೋಡುತ್ತಿದ್ದು, 'ಸರ, ಅದು ನಿಮ್ಮ ಮಾರಿ ನೋಡಿ ಅಂಜಲಾಕತ್ತದ್ರಿ. ಆ ಕಡಿ ಮಾರಿ ಮಾಡಿ ಕುಂದರ್ರಿ' ಎಂದಳು. ಪಾಠ ಹೇಳುವವನಿಗೆ ಬೆನ್ನು ತಿರುಗಿಸಿ ಕೂಡೆಂಬ ಉಪದೇಶ! ಆದರೂ ಕುಳಿತೆ. ರೊಟ್ಟಿಯ ಚೂರನ್ನು ಪಕ್ಕಕ್ಕೆ, ತೋಳಿನಳತೆಗೂ ಆಚೆ ಇಟ್ಟು ಪುಸ್ತಕ ತೆರೆದೆ. ಮೊದಲ ದಿನ ಬರಲಿಲ್ಲ. ನಾಲ್ಕನೆಯ ಸಂಜೆ ಬೆನ್ನ ಹಿಂದೆ ರೊಟ್ಟಿ ಮುರಿಯುವ ಸದ್ದು ಕೇಳಿತು. ತಿರುಗಿ ನೋಡದಿರುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು.

ಆ ವಿದ್ಯೆಯ ಸಾರವೆಲ್ಲ ಇಷ್ಟರಲ್ಲೇ ಇದೆ. ಹತ್ತಿರ ಬರುವುದು ನಾಯಿಯ ಕೆಲಸವಾಗಬೇಕು, ಹಿಂದೆ ಸರಿಯಲು ಅದಕ್ಕೆ ಸದಾ ದಾರಿ ಇರಬೇಕು. ಗೋಡೆಗೆ ತಾಗಿದ, ಯಾರೂ ದಾಟಿಹೋಗದ ಒಂದು ಜಾಗವನ್ನು, ಹಳೆಯ ಗೋಣಿಚೀಲ ಹಾಸಿ, ಅದಕ್ಕೇ ಬಿಟ್ಟುಕೊಡಬೇಕು. ಅಲ್ಲಿ ಮಲಗಿರುವಾಗ ಮಕ್ಕಳಾದಿಯಾಗಿ ಯಾರೂ ಮುಟ್ಟಕೂಡದು. ಊಟ ನಿಯತ ವೇಳೆಗೆ ಬರಲಿ. ಉಳ್ಳಾಗಡ್ಡಿ ಬೆರೆತ ಎಂಜಲು ಬೇಡ. ಅದು ನಾಯಿಯ ರಕ್ತಕಣಗಳನ್ನು ಕೆಡಿಸುತ್ತದೆ. ತಾನಾಗಿ ಬಂದಾಗ ಕೈಯನ್ನು ತಲೆಯ ಮೇಲಿಂದ ಇಳಿಸದೆ ಗದ್ದದ ಕೆಳಗೆ ಅಥವಾ ಎದೆಯ ಬಳಿ ಚಾಚಬೇಕು. ಎರಡು ಸಲ ಸವರಿ ಕೈ ತೆಗೆಯಬೇಕು. ಇನ್ನೂ ಬೇಕೆನಿಸಿದರೆ ಅದೇ ಮೂತಿ ತಂದು ತಾಗಿಸುತ್ತದೆ, ಬೇಡವಾದರೆ ಸರಿದುಹೋಗುತ್ತದೆ. ಎರಡಕ್ಕೂ ನಾವು ಒಪ್ಪಬೇಕು.

ಇಷ್ಟು ತಿಳಿದೂ ನಾನು ಅವಸರಪಟ್ಟೆ. ಮೂರನೆಯ ವಾರ ಮನೆಗೆ ಬಂದ ನೆಂಟರಿಗೆ ತೋರಿಸುವ ಹಂಬಲದಿಂದ ಕೊರಳಪಟ್ಟಿಗೆ ಹಗ್ಗ ಹಾಕಿ ಅಂಗಳಕ್ಕೆ ಎಳೆದೆ. ಅದೇ ಹೊತ್ತಿಗೆ ಬೀದಿಯಲ್ಲಿ ಟ್ರ್ಯಾಕ್ಟರ್ ಬಂತು. ಬೂದಿ ಹಿಂದಕ್ಕೆ ಜಗ್ಗಿ, ತಲೆ ತಗ್ಗಿಸಿ, ಪಟ್ಟಿಯಿಂದ ಕೊರಳನ್ನು ಬಿಡಿಸಿಕೊಂಡು ಹೊಲಗಳ ಕಡೆಗೆ ಓಡಿತು. ನನ್ನ ಕೈಯಲ್ಲಿ ಉಳಿದದ್ದು ಬರಿಯ ಪಟ್ಟಿ. ಎರಡು ರಾತ್ರಿ ಅದು ಮನೆಗೆ ಬರಲಿಲ್ಲ. ನಮ್ಮೂರಿನಲ್ಲಿ ಹಳೆಯ ಗುಡಿಗಳಿಗೇನೂ ಕೊರತೆಯಿಲ್ಲ. ಮೂರನೆಯ ದಿನ ಅಂಥದೊಂದು ಗುಡಿಯ ಕಟ್ಟೆಯ ಸಂದಿಯಲ್ಲಿ ಎರಡು ಕಣ್ಣು ಹೊಳೆಯುವುದನ್ನು ಕಂಡವಳು ಆ ಹುಡುಗಿಯೇ. ನಾನು ಹತ್ತು ಮಾರು ದೂರದಲ್ಲಿ, ಬಿಸಿಲಿನಲ್ಲಿ, ಅತ್ತ ಬೆನ್ನು ಮಾಡಿ ಕುಳಿತೆ. ಬರದಿದ್ದರೆ ಏನೆಂಬ ಯೋಚನೆ ಕಾಡುತ್ತಲೇ ಇತ್ತು. ಎಳೆದವನು ನಾನೇ ಅಲ್ಲವೆ? ಮಧ್ಯಾಹ್ನ ದಾಟಿದಮೇಲೆ ಒದ್ದೆ ಮೂತಿ ಮೊಣಕೈಗೆ ತಾಗಿತು. ಹಗ್ಗ ಹಾಕಲಿಲ್ಲ. ಮುಂದೆ ಮುಂದೆ ನಾನು ನಡೆದೆ. ಹಿಂದೆ ಅದು ಬಂತು.

ಅಂಜುವ ನಾಯಿಗೆ ಕೊರಳಪಟ್ಟಿಗಿಂತ ಎದೆಯನ್ನು ಸುತ್ತುವ ಪಟ್ಟಿ ಲೇಸೆಂದು ಆಮೇಲೆ ವೈದ್ಯರು ಹೇಳಿದರು. ಹಿಂದಕ್ಕೆ ಜಗ್ಗಿದರೂ ಅಷ್ಟು ಸುಲಭವಾಗಿ ಕಳಚದು, ಗಂಟಲನ್ನೂ ಬಿಗಿಯದು. ಅದನ್ನು ಮೊದಲು ನೆಲದ ಮೇಲಿಟ್ಟು ಮೂಸಲು ಬಿಟ್ಟು, ಅದರ ಬಳಿ ಉಣಿಸಿ, ಆಮೇಲೆ ತೊಡಿಸಬೇಕು. ಹಗುರವಾದ ಹಗ್ಗವನ್ನು ಕಟ್ಟಿ, ನಾವು ನೋಡುತ್ತಿರುವಾಗ, ಮನೆಯೊಳಗೇ ಎಳೆದುಕೊಂಡು ಓಡಾಡಲು ಬಿಡಬೇಕು. ಅದರ ಇನ್ನೊಂದು ತುದಿ ನಮ್ಮ ಕೈಗೆ ಬರಲು ವಾರ ಹಿಡಿದರೂ ಅದು ವ್ಯರ್ಥವಲ್ಲ.

ಮಾತುಗಳನ್ನು ಕಲಿಸುವುದು ಇದಕ್ಕಿಂತ ಸುಲಭ. ಹೆಸರು ಹಿಡಿದು ಕರೆಯುವುದು, ತಿರುಗಿ ನೋಡಿದ ಕ್ಷಣವೇ ತಿನಿಸು ಕೊಡುವುದು. ಹೀಗೆ ದಿನಕ್ಕೆ ಹತ್ತು ಸಲ. ಹೆಸರು ಬಂದಮೇಲೆ 'ಬಾ'. 'ಬಾ' ಎಂದು ಕರೆದು ಗದರುವುದಾಗಲಿ ಕಟ್ಟಿಹಾಕುವುದಾಗಲಿ ಒಮ್ಮೆ ನಡೆದರೂ ಆ ಪದ ಕೆಟ್ಟುಹೋಗುತ್ತದೆ. ಕುಳಿತುಕೊಳ್ಳಲು ಕಲಿಸುವವರು ತಿನಿಸನ್ನು ಮೂಗಿನ ಮುಂದಿನಿಂದ ತಲೆಯ ಮೇಲಕ್ಕೆ ಒಯ್ಯುತ್ತಾರೆ. ನಾಯಿ ತಲೆಯೆತ್ತಿದಾಗ ಹಿಂಭಾಗ ತಾನೇ ಕೆಳಗಿಳಿಯುತ್ತದೆ. ಮೇಲೆ ಬರುವ ಕೈಗೆ ಅಂಜುವ ನಾಯಿಗೆ ಇದು ಸಲ್ಲದು. ಅದು ತಾನಾಗಿ ಕುಳಿತಾಗ 'ಕೂಡು' ಎಂದು ತಿನಿಸು ಕೊಟ್ಟರೆ ಸಾಕು. ಕೆಲವೇ ದಿನಗಳಲ್ಲಿ, ಕುಳಿತರೆ ರೊಟ್ಟಿ ಬರುತ್ತದೆಂಬ ರಹಸ್ಯವನ್ನು ತಾನೇ ಕಂಡುಹಿಡಿದಂತೆ ನಮ್ಮ ಮುಂದೆ ಬಂದು ಕೂಡುತ್ತದೆ. ಸೆಲಿಗ್‌ಮನ್ನರು ತಡವಾಗಿ ಕಂಡದ್ದು ಇದನ್ನೇ. ಮನೆಯವರೆಲ್ಲ ಒಂದೇ ಪದ ಬಳಸಬೇಕು. ನಾನು 'ಕೂಡು' ಎಂದರೆ ಮೊಮ್ಮಗ 'ಸಿಟ್' ಎನ್ನುತ್ತಿದ್ದ, ಮನೆಯಾಕೆ 'ಕುಂದ್ರಬೇ' ಎನ್ನುತ್ತಿದ್ದಳು. ಕೊನೆಗೆ ಗೆದ್ದದ್ದು ಮನೆಯಾಕೆಯ ರೂಪ; ಊಟ ಹಾಕುವವಳು ಅವಳಾದ್ದರಿಂದ ವ್ಯಾಕರಣವೂ ಅವಳದೇ.

ಸದ್ದಿನ ಭಯ ನಿಧಾನವಾಗಿ ಕರಗುವಂಥದು. ಡೊಳ್ಳು, ಹಲಗೆಗಳ ಅಭ್ಯಾಸ ಊರಲ್ಲಿ ನಡೆದಾಗ ದೂರದಲ್ಲೇ ನಿಂತು ರೊಟ್ಟಿ ಕೊಡುತ್ತಿದ್ದೆ. ತಿಂದರೆ ಆ ದೂರ ಸರಿ. ಪ್ರಿಯವಾದ ತಿನಿಸನ್ನೂ ಮುಟ್ಟದಿದ್ದರೆ ತೀರ ಹತ್ತಿರ ಬಂದೆವೆಂದು ತಿಳಿದು ಹಿಂದಕ್ಕೆ ಹೋಗಬೇಕು. ನಾಯಿಯ ಬಾಯಿಗಿಂತ ನಂಬಿಗಸ್ತ ಅಳತೆಗೋಲು ಈ ಕೆಲಸದಲ್ಲಿ ಇಲ್ಲ. ಹೆದರಿದಾಗ ಸಂತೈಸಿದರೆ ಭಯ ಹೆಚ್ಚುವುದೆಂಬ ಮಾತನ್ನು ಹಿಂದೆ ಬಹಳ ಮಂದಿ ಹೇಳುತ್ತಿದ್ದರು; ಅದರಲ್ಲಿ ಹುರುಳಿಲ್ಲ. ಬಳಿಗೆ ಬಂದು ಒತ್ತಿಕೊಂಡರೆ ಮೃದುವಾಗಿ ಮಾತಾಡಬಹುದು, ಮೈಮೇಲೆ ಕೈಯಿಡಬಹುದು.

ಈಗ ಬೂದಿ ಬಂದು ಎರಡು ವರ್ಷವಾಗುತ್ತ ಬಂತು. ನಾಯಿಯ ಬಾಲ ಡೊಂಕೆಂದು ನಿಂದಿಸುವ ಗಾದೆಯನ್ನು ನಾನೂ ಮಕ್ಕಳಿಗೆ ವಿಸ್ತರಿಸಲು ಕೊಟ್ಟವನೇ. ಹೊಟ್ಟೆಗೆ ಅವುಚಿದ್ದ ಬಾಲ ಇಳಿದು, ನೇರವಾಗಿ, ಒಂದು ಮುಂಜಾನೆ ಬೆನ್ನ ಮೇಲೆ ಡೊಂಕಾಗಿ ಸುರುಳಿಗೊಂಡುದನ್ನು ಕಂಡು ಮನೆಯವರನ್ನೆಲ್ಲ ಕರೆದು ತೋರಿಸಿದೆ. ಕಸಬರಿಗೆಗೆ ಈಗ ಕಿವಿ ಮಾತ್ರ ಒರಗುತ್ತದೆ. ದೀಪಾವಳಿಯ ಪಟಾಕಿಗೆ ಮಾತ್ರ ಒಗ್ಗಿಲ್ಲ. ಆ ಮೂರು ರಾತ್ರಿ ಒಳಕೋಣೆಯ ಕಿಟಕಿ ಮುಚ್ಚಿ, ಮಂಚದ ಕೆಳಗೆ ಅದರ ಗೋಣಿಚೀಲ ಹಾಸುತ್ತೇವೆ. ನಾನು ಬಾಗಿಲ ಬಳಿ ಕುಳಿತು ಓದಿಕೊಳ್ಳುತ್ತೇನೆ, ಬಾಗಿಲನ್ನು ಅರ್ಧ ತೆರೆದೇ ಇಟ್ಟು.